ಗರಡಿಮನೆಯ ಮೇಲೂ ಪಿಎಚ್.ಡಿ. ಮಾಡಬಹುದೇ?

ಓದುಗರ ಪತ್ರದ ಸಾರ: ಹಾಸನದಲ್ಲಿ ಇತಿಹಾಸ ಎಂ.ಎ. ಕೊನೆಯ ವರ್ಷದಲ್ಲಿರುವ ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ. ಅವರ ತಾತ ಹೊಳೆನರಸೀಪುರದ ಕಡೆ ಹೆಸರು ಮಾಡಿದ್ದ ಪೈಲ್ವಾನರು. ಅವರು ಕೂಡಿಟ್ಟ ಹಳೆಯ ಕುಸ್ತಿ ಕರಪತ್ರಗಳ ಕಟ್ಟೊಂದು ಮನೆಯಲ್ಲಿದೆ. ಆಟವನ್ನು ಸಂಸ್ಕೃತಿಯಾಗಿ ಅಧ್ಯಯನ ಮಾಡುವ ಆಸೆ ತಮಗಿದ್ದರೂ ವಿಚಾರಿಸಿದವರೆಲ್ಲ ದೈಹಿಕ ಶಿಕ್ಷಣದ ಪದವಿಯಾದ ಬಿ.ಪಿ.ಎಡ್.ಗೆ ಸೇರಲು ಹೇಳುತ್ತಿದ್ದಾರೆ ಎಂಬುದು ಅವರ ಅಳಲು. ಎಲ್ಲಿ ಓದಬೇಕು, ಶಿಷ್ಯವೇತನ ಉಂಟೇ, ಪ್ರಬಂಧ ಎಲ್ಲಿ ಮಂಡಿಸಬಹುದು, ಇಂಗ್ಲಿಷ್ ಚೆನ್ನಾಗಿ ಬಾರದಿದ್ದರೆ ಅಡ್ಡಿಯೇ ಎಂದು ಕೇಳಿದ್ದಾರೆ. ಕ್ರೀಡೆಯ ಕುರಿತ ‘ಅಂತರರಾಷ್ಟ್ರೀಯ ಸಮ್ಮೇಳನ’ವೊಂದು ಮೂರು ದಿನಗಳೊಳಗೆ ಶುಲ್ಕ ಕಟ್ಟುವಂತೆ ಕಳುಹಿಸಿರುವ ಮಿಂಚಂಚೆಯ ಪ್ರತಿಯೂ ಪತ್ರದ ಜೊತೆಗಿದೆ.

ಸಂಪಾದಕರ ಉತ್ತರ:

ಮಾನ್ಯರೇ,

ಬಿ.ಪಿ.ಎಡ್.ಗೆ ಸೇರಲು ಹೇಳಿದವರು ನಿಮ್ಮ ಹಿತೈಷಿಗಳೇ ಇರಬೇಕು, ಆದರೆ ನಿಮ್ಮ ಪ್ರಶ್ನೆ ಅವರಿಗೆ ಅರ್ಥವಾಗಿಲ್ಲ. ಗ್ವಾಲಿಯರಿನಲ್ಲಿ 1957ರಲ್ಲಿ ಆರಂಭವಾದ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಸಂಸ್ಥೆಯಾಗಲಿ, ಪಟಿಯಾಲದಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಾಗಲಿ, ನಮ್ಮ ವಿಶ್ವವಿದ್ಯಾಲಯಗಳ ದೈಹಿಕ ಶಿಕ್ಷಣ ವಿಭಾಗಗಳಾಗಲಿ ಮುಖ್ಯವಾಗಿ ಶಿಕ್ಷಕರನ್ನೂ ತರಬೇತುದಾರರನ್ನೂ ಸಿದ್ಧಪಡಿಸುವ ಕೆಲಸ ಮಾಡುತ್ತವೆ. ದೇಹ ಹೇಗೆ ಪಳಗುತ್ತದೆ, ಹೇಗೆ ದಣಿಯುತ್ತದೆ ಎಂಬುದು ಅಲ್ಲಿನ ಪಾಠ. ಕುಸ್ತಿಯ ಮಟ್ಟಿಗೆ, ಎಂದರೆ ಮಣ್ಣಿನ ಕಣಕ್ಕೆ, ಯಾರು ಇಳಿಯಬಹುದಿತ್ತು, ಯಾರು ಇಳಿಯುವಂತಿರಲಿಲ್ಲ, ಪೈಲ್ವಾನನ ಹಾಲು ಬಾದಾಮಿಯ ಖರ್ಚನ್ನು ಊರಿನಲ್ಲಿ ಯಾರು ಹೊರುತ್ತಿದ್ದರು ಎಂದು ಕೇಳುವವರು ಇತಿಹಾಸ, ಸಮಾಜಶಾಸ್ತ್ರ, ಮಾನವಶಾಸ್ತ್ರ ಅಥವಾ ಜಾನಪದ ವಿಭಾಗದ ಬಾಗಿಲನ್ನೇ ತಟ್ಟಬೇಕು. ಇತಿಹಾಸ ಎಂ.ಎ. ಮಾಡುತ್ತಿರುವ ನೀವು ಆ ಬಾಗಿಲಿನ ಒಳಗೇ ಇದ್ದೀರಿ.

ಇದು ಹೊಸದಾಗಿ ಹುಟ್ಟಿದ ಶೋಕಿಯ ವಿಷಯವೇನೂ ಅಲ್ಲ. ಕ್ರೀಡಾ ಸಮಾಜಶಾಸ್ತ್ರದ ಅಂತರರಾಷ್ಟ್ರೀಯ ಸಂಘ 1965ರಷ್ಟು ಹಿಂದೆಯೇ ಹುಟ್ಟಿತು; ಉತ್ತರ ಅಮೆರಿಕದ ಕ್ರೀಡಾ ಇತಿಹಾಸಕಾರರು 1972ರಲ್ಲಿ, ಬ್ರಿಟನ್ನಿನವರು 1982ರಲ್ಲಿ ತಮ್ಮ ತಮ್ಮ ಸಂಘಗಳನ್ನು ಕಟ್ಟಿಕೊಂಡರು. ಟ್ರಿನಿಡಾಡಿನ ಸಿ.ಎಲ್.ಆರ್. ಜೇಮ್ಸ್ 1963ರಲ್ಲಿಯೇ ಕ್ರಿಕೆಟ್ಟಿನ ಮೂಲಕ ವರ್ಣಭೇದವನ್ನೂ ವಸಾಹತುಶಾಹಿಯನ್ನೂ ಓದಿ ತೋರಿಸಿದ್ದರು. ನಿಮ್ಮ ವಿಷಯಕ್ಕೆ ತೀರ ಹತ್ತಿರವಾದದ್ದೆಂದರೆ ಮಾನವಶಾಸ್ತ್ರಜ್ಞ ಜೋಸೆಫ್ ಆಲ್ಟರ್ ಬನಾರಸಿನ ಅಖಾಡಗಳಲ್ಲಿ ಕ್ಷೇತ್ರಕಾರ್ಯ ನಡೆಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನ. ಪೈಲ್ವಾನನ ಆಹಾರ, ಬ್ರಹ್ಮಚರ್ಯ, ಗುರುಭಕ್ತಿ, ರಾಷ್ಟ್ರದ ಕಲ್ಪನೆ ಇವೆಲ್ಲವನ್ನೂ ಅದು ಒಟ್ಟಿಗೆ ನೋಡುತ್ತದೆ. ಕ್ರಿಕೆಟ್ಟಿನಲ್ಲಿ ಇಂಥ ಕೆಲಸಕ್ಕೆ ದೊಡ್ಡ ಉದಾಹರಣೆ ನಮ್ಮ ಧಾರವಾಡದಲ್ಲೇ ಹುಟ್ಟಿದ ಬೌಲರ್ ಪಾಲ್ವಂಕರ್ ಬಾಲೂ ಅವರ ಬದುಕಿನ ಅಧ್ಯಯನ. ದಲಿತರಾದ ಬಾಲೂ 1911ರಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡದ ಪರವಾಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು. ಆದರೆ ಪುಣೆಯಲ್ಲಿ ಆಡುತ್ತಿದ್ದಾಗ ಅವರಿಗೆ ಚಹಾ ಬರುತ್ತಿದ್ದದ್ದು ಪೆವಿಲಿಯನ್ನಿನ ಹೊರಗೆ, ಬೇರೆಯದೇ ಮಣ್ಣಿನ ಲೋಟದಲ್ಲಿ. ರಾಮಚಂದ್ರ ಗುಹಾ 2002ರ ತಮ್ಮ ಗ್ರಂಥದಲ್ಲಿ ಈ ಬದುಕನ್ನು ಹೊರತೆಗೆದ ಮೇಲೆ ಭಾರತೀಯ ಕ್ರಿಕೆಟ್ಟಿನ ಇತಿಹಾಸವನ್ನು ಜಾತಿಯ ಪ್ರಶ್ನೆ ಬಿಟ್ಟು ಬರೆಯುವುದು ಯಾರಿಗೂ ಸಾಧ್ಯವಾಗಿಲ್ಲ.

ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸಾಮಗ್ರಿಗೆ ಬರವಿಲ್ಲ. ಮೂಡಿಗೆರೆ, ಸಕಲೇಶಪುರದ ಕಡೆಯ ಕೆಸರುಗದ್ದೆ ಓಟ, ಬಯಲುಸೀಮೆಯ ಜೋಡೆತ್ತಿನ ಗಾಡಿ ಓಟ, ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೆಗಳಲ್ಲಿ ನಡೆಯುವ ಕಾರು ರ‍್ಯಾಲಿ, ಬ್ರಿಟಿಷ್ ಪ್ಲಾಂಟರುಗಳು ಬಿಟ್ಟುಹೋದ ಕ್ಲಬ್ಬುಗಳು, ಇವುಗಳಲ್ಲಿ ಯಾವುದನ್ನು ಹಿಡಿದರೂ ಜಮೀನು, ಜಾತಿ, ಕೂಲಿ, ಹಬ್ಬ ಎಲ್ಲವೂ ಜೊತೆಗೆ ಬರುತ್ತವೆ. ಕಡೂರಿನ ವೇದಾ ಕೃಷ್ಣಮೂರ್ತಿ ಭಾರತ ತಂಡದಲ್ಲಿ ಆಡಿದರು, ಹಾಸನ ಜಿಲ್ಲೆಯ ಗಿರೀಶ ಗೌಡರು 2012ರ ಲಂಡನ್ ಪ್ಯಾರಾಲಿಂಪಿಕ್ಸಿನ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದರು. ಅವರ ಸಾಧನೆಯನ್ನು ಕೊಂಡಾಡುವ ಲೇಖನಗಳು ನಮ್ಮ ಪತ್ರಿಕೆಗೆ ಬೇಕಾದಷ್ಟು ಬರುತ್ತವೆ. ಆದರೆ ಸಣ್ಣ ಊರಿನ ಹುಡುಗಿಯೊಬ್ಬಳು ಬ್ಯಾಟು ಹಿಡಿದು ಮೈದಾನಕ್ಕೆ ಇಳಿಯಲು ಮನೆಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ ಏನೇನು ಬದಲಾಗಬೇಕಾಯಿತು ಎಂದು ವಿಚಾರಿಸುವ ಒಂದು ಬರಹವೂ ಬಂದಿಲ್ಲ. ಅಧ್ಯಯನ ಶುರುವಾಗುವುದು ಆ ವಿಚಾರಣೆಯಿಂದ.

ಹಳೆಯ ಕಾಲಕ್ಕೆ ಹೋಗುವ ಆಸೆ ನಿಮಗೂ ಆಗುತ್ತದೆ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಒಂದು ಪ್ರಕರಣವಿದೆ, ಬೇಲೂರಿನ ಮದನಿಕೆಯರಲ್ಲಿ ಬೇಟೆಯ ಉಡುಗೆ ತೊಟ್ಟವಳೂ ಇದ್ದಾಳೆ, ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿಯೂ ಅಂದಿನ ಕಡೂರು (ಇಂದಿನ ಚಿಕ್ಕಮಗಳೂರು) ಜಿಲ್ಲೆಯವನ್ನು 1901ರಲ್ಲಿಯೂ ಸಂಪುಟವಾಗಿ ತಂದಿದ್ದಾರೆ. ಇವನ್ನು ಓದಿ, ತಪ್ಪದೆ ಓದಿ. ಆದರೆ ಹೊಯ್ಸಳರ ಕಾಲದ ಮಲ್ಲನಿಂದ ನಿಮ್ಮ ತಾತನವರೆಗೆ ಒಂದೇ ಉಸಿರಿನಲ್ಲಿ ‘ಅಖಂಡ ಪರಂಪರೆ’ಯೆಂದು ಗೆರೆ ಎಳೆಯುವ ಪ್ರಬಂಧಗಳನ್ನು ವಿಚಾರ ಸಂಕಿರಣಗಳಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ನಡುವಿನ ಏಳೆಂಟು ನೂರು ವರ್ಷಗಳಿಗೆ ಆಧಾರ ಕೊಡಲಾಗದಿದ್ದರೆ ಆ ಗೆರೆಯನ್ನು ಎಳೆಯದಿರುವುದೇ ಲೇಸು.

ನಿಮ್ಮ ನಿಜವಾದ ಬಂಡವಾಳ ಆ ಕರಪತ್ರಗಳ ಕಟ್ಟು. ನೀವು ಪತ್ರದ ಜೊತೆ ಕಳುಹಿಸಿರುವ ಒಂದರ ನಕಲನ್ನೇ ತೆಗೆದುಕೊಳ್ಳೋಣ. ಮೇಲೆ ಗದೆ ಹೊತ್ತ ಆಂಜನೇಯ, ಅದರಡಿ ಜಾತ್ರೆಯ ಹೆಸರು. ಎಡಕ್ಕೊಬ್ಬ ಬಲಕ್ಕೊಬ್ಬ ಪೈಲ್ವಾನರಂತೆ ಜೋಡಿಗಳು. ಪ್ರತಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಗರಡಿಯ ಹೆಸರು, ಇಂಥ ವಸ್ತಾದರ (ಗರಡಿಯ ಗುರುಗಳ) ಶಿಷ್ಯ ಎಂಬ ಒಕ್ಕಣೆ. ನಡುವೆ ಇಷ್ಟು ನಿಮಿಷದ ಕುಸ್ತಿ ಎಂದೋ, ಕೊನೆಯ ಜೋಡಿಗೆ ‘ಮಾರ್ಫಿಟ್’ (ಸೋಲುಗೆಲುವು ತೀರ್ಮಾನವಾಗುವವರೆಗಿನ ಕುಸ್ತಿ) ಎಂದೋ ಸೂಚನೆ. ಕೆಳಗೆ ಬೆಳ್ಳಿಗದೆಯ ದಾನಿಗಳ ಪಟ್ಟಿ. ತಿಂಗಳು, ತಾರೀಕು, ವಾರ ಇವೆ, ಇಸವಿ ಇಲ್ಲ. ಇದರಿಂದ ಎದೆಗುಂದಬೇಕಿಲ್ಲ. ವಾರ ಮತ್ತು ತಾರೀಕು ಕೂಡಿಬರುವ ವರ್ಷಗಳನ್ನು ಹಳೆಯ ಪಂಚಾಂಗದಲ್ಲಿ ಜಾತ್ರೆಯ ತಿಥಿಯೊಡನೆ ತಾಳೆ ನೋಡಿದರೆ ಉಳಿಯುವುದು ಒಂದೆರಡೇ ಇಸವಿ. 1867ರ ಮುದ್ರಣ ಕಾಯಿದೆ ಮುದ್ರಕರ ಹೆಸರನ್ನೂ ಸ್ಥಳವನ್ನೂ ನಮೂದಿಸಬೇಕೆಂದು ವಿಧಿಸಿದ್ದರಿಂದ ತೀರ ಅಂಚಿನಲ್ಲಿ ಪ್ರೆಸ್ಸಿನ ಹೆಸರೂ ಇದೆ, ಆ ಪ್ರೆಸ್ಸು ಯಾವ ವರ್ಷದಿಂದ ಯಾವ ವರ್ಷದವರೆಗೆ ನಡೆಯಿತೆಂದು ಪೇಟೆಯ ಹಿರಿಯರು ಹೇಳಬಲ್ಲರು.

ಹೀಗೆ ಕಾಲ ಗೊತ್ತಾದ ಕರಪತ್ರಗಳನ್ನು ಸಾಲಾಗಿ ಜೋಡಿಸಿದ ಮೇಲೆ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಯಾವ ಊರಿನ ಗರಡಿಗಳು ಪರಸ್ಪರ ಜೋಡಿ ಕಟ್ಟುತ್ತಿದ್ದವು? ಮುಸ್ಲಿಮ್ ವಸ್ತಾದರ ಬಳಿ ಹಿಂದೂ ಶಿಷ್ಯರು, ಹಿಂದೂ ವಸ್ತಾದರ ಬಳಿ ಮುಸ್ಲಿಮ್ ಶಿಷ್ಯರು ಎಷ್ಟು ಮಂದಿ ಕಾಣುತ್ತಾರೆ, ಅದು ಯಾವಾಗ ಕಡಿಮೆಯಾಯಿತು ಅಥವಾ ಆಗಲೇ ಇಲ್ಲವೇ? ದಾನಿಗಳ ಪಟ್ಟಿಯಲ್ಲಿ ಪಟೇಲರ ಜಾಗಕ್ಕೆ ಗುತ್ತಿಗೆದಾರರೂ ರಾಜಕಾರಣಿಗಳೂ ಬಂದದ್ದು ಯಾವಾಗ? ಗೊರೂರಿನ ಹೇಮಾವತಿ ಜಲಾಶಯದಲ್ಲಿ ಮುಳುಗಿದ ಊರುಗಳಲ್ಲಿ ಗರಡಿಗಳಿದ್ದವೇ, ಇದ್ದಿದ್ದರೆ ಪುನರ್ವಸತಿಯ ಊರುಗಳಲ್ಲಿ ಅವು ಮತ್ತೆ ಎದ್ದವೇ? ಹೆಂಗಸರಿಗೆ ಕಾಲಿಡಲು ಅವಕಾಶವಿರದಿದ್ದ ಮಟ್ಟಿಯ ಆಟದಲ್ಲಿ ಇಂದು ಮೈಸೂರು ದಸರಾಕ್ಕೆ ಮಹಿಳೆಯರ ಜೋಡಿಗಳೂ ಇಳಿಯುತ್ತವೆ. ಹಳೆಯ ವಸ್ತಾದರು ಇದನ್ನು ಹೇಗೆ ಕಾಣುತ್ತಾರೆ? ಇವುಗಳಲ್ಲಿ ಒಂದನ್ನು ಮಾತ್ರ ಹಿಡಿಯಿರಿ. ಮುಳುಗಡೆ ಊರುಗಳ ಪ್ರಶ್ನೆಯನ್ನು ಯಾರಾದರೂ ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಸ್ವಂತ ಆಸೆ, ಏಕೆಂದರೆ ಅದನ್ನು ಹೇಳಬಲ್ಲ ತಲೆಮಾರು ಈಗ ತೀರ ಇಳಿವಯಸ್ಸಿನಲ್ಲಿದೆ. ಅವರನ್ನು ಮಾತಾಡಿಸುವಾಗ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಿ, ಮುದ್ರಿಕೆಯ ಒಂದು ಪ್ರತಿಯನ್ನು ಅವರ ಮನೆಯವರಿಗೂ ಕೊಡಿ.

ಎಲ್ಲಿ ಓದಬೇಕೆಂಬುದಕ್ಕೆ ಬರುತ್ತೇನೆ. ನಮ್ಮ ರಾಜ್ಯದಲ್ಲಿ ‘ಕ್ರೀಡೆ ಮತ್ತು ಸಂಸ್ಕೃತಿ’ ಎಂಬ ಹಣೆಪಟ್ಟಿಯ ವಿಭಾಗವನ್ನು ಹುಡುಕುತ್ತಾ ವರ್ಷ ಕಳೆಯಬೇಡಿ, ಹುಡುಕಬೇಕಾದದ್ದು ಮಾರ್ಗದರ್ಶಕರನ್ನು. ಮೌಖಿಕ ಇತಿಹಾಸ, ಜಾತ್ರೆ, ಸ್ಥಳೀಯ ಇತಿಹಾಸದ ಮೇಲೆ ಕೆಲಸ ಮಾಡಿಸಿದ ಅಧ್ಯಾಪಕರು ಮೈಸೂರಿನಲ್ಲಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಿಗುತ್ತಾರೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ. ಅವರು ಮಾರ್ಗದರ್ಶನ ಮಾಡಿದ ಎರಡು ಮಹಾಪ್ರಬಂಧಗಳನ್ನಾದರೂ ಓದಿ, ಎರಡು ಪುಟದಲ್ಲಿ ನಿಮ್ಮ ಪ್ರಶ್ನೆಯನ್ನು ಬರೆದುಕೊಂಡು ಹೋಗಿ ಕಾಣಿರಿ. ಬರಿಗೈಯಲ್ಲಿ ಹೋಗಿ ‘ಒಂದು ಟಾಪಿಕ್ ಕೊಡಿ ಸರ್’ ಎನ್ನುವವರಿಗೆ ಸಿಗುವುದು ಅವರ ಕಪಾಟಿನಲ್ಲಿ ಉಳಿದ ಹಳೆಯ ವಿಷಯವೇ.

ಶಿಷ್ಯವೇತನದಲ್ಲಿ ಮೊದಲು ಗಮನ ಕೊಡಬೇಕಾದದ್ದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಅರ್ಹತಾ ಪರೀಕ್ಷೆಯಾದ ನೆಟ್. ವರ್ಷಕ್ಕೆ ಎರಡು ಬಾರಿ ನಡೆಯುವ ಈ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಶಿಷ್ಯವೇತನ) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ ದೊರೆಯುತ್ತದೆ. 2024ರಿಂದ ನೆಟ್ ಅಂಕಗಳು ಪಿಎಚ್.ಡಿ. ಪ್ರವೇಶಕ್ಕೂ ಸಲ್ಲುತ್ತವೆ. ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಅಧ್ಯಾಪನಕ್ಕೆ ಅರ್ಹತೆ ಕೊಡುತ್ತದೆಯೇ ಹೊರತು ಹಣ ಕೊಡುವುದಿಲ್ಲ, ಇದನ್ನು ಅನೇಕರು ಗೊಂದಲ ಮಾಡಿಕೊಳ್ಳುತ್ತಾರೆ. ಪಿಎಚ್.ಡಿ.ಗೆ ನೋಂದಾಯಿಸಿದ ಮೇಲೆ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತು ಮತ್ತು ಸಮಾಜವಿಜ್ಞಾನ ಸಂಶೋಧನಾ ಪರಿಷತ್ತುಗಳ ಶಿಷ್ಯವೇತನಕ್ಕೂ ಅರ್ಜಿ ಹಾಕಬಹುದು. ಕೇಂದ್ರ ಸಂಸ್ಕೃತಿ ಸಚಿವಾಲಯದ ಕಿರಿಯ ಫೆಲೋಶಿಪ್ 25ರಿಂದ 40 ವರ್ಷದವರಿಗೆ. ಎರಡು ವರ್ಷ, ತಿಂಗಳಿಗೆ 10,000 ರೂಪಾಯಿ. ವಿದೇಶದ ಕನಸಿದ್ದರೆ ಒಂದು ಎಚ್ಚರಿಕೆ: ಪರಿಶಿಷ್ಟ ಜಾತಿ ಮೊದಲಾದ ವರ್ಗಗಳ ವಿದ್ಯಾರ್ಥಿಗಳಿಗಾಗಿ ಇರುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ 2022ರ ಮಾರ್ಗಸೂಚಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸಕ್ಕೆ ಸಂಬಂಧಿಸಿದ ವಿಷಯಗಳನ್ನು ಹೊರಗಿಟ್ಟಿತು. ಪಾಲ್ವಂಕರ್ ಬಾಲೂ ಮೇಲೆ ಸಂಶೋಧನೆ ಮಾಡಬಯಸುವ ದಲಿತ ವಿದ್ಯಾರ್ಥಿಗೆ ಆ ಹಣ ಸಿಗದು ಎಂದಾಯಿತು. ಇಂಥ ನಿಯಮ ಮಾಡಿದವರ ತರ್ಕ ನನಗಂತೂ ಅರ್ಥವಾಗಿಲ್ಲ.

ಪ್ರಬಂಧ ಮಂಡನೆಗೆ ಮನೆಯ ಹತ್ತಿರದಿಂದಲೇ ಶುರುಮಾಡಿ. ಕರ್ನಾಟಕ ಇತಿಹಾಸ ಅಕಾದೆಮಿ ವರ್ಷಕ್ಕೊಮ್ಮೆ ಸಮ್ಮೇಳನ ನಡೆಸುತ್ತದೆ, ಅಲ್ಲಿ ಕನ್ನಡದಲ್ಲಿ ಮಂಡಿಸಿದ ಪ್ರಬಂಧಗಳು ‘ಇತಿಹಾಸ ದರ್ಶನ’ ಸಂಪುಟಗಳಲ್ಲಿ ಅಚ್ಚಾಗುತ್ತವೆ. ಮುಂದಿನ ಮೆಟ್ಟಿಲು ಭಾರತೀಯ ಇತಿಹಾಸ ಕಾಂಗ್ರೆಸ್. ನಾನು ಮೇಲೆ ಹೆಸರಿಸಿದ ವಿದೇಶಿ ಸಂಘಗಳೂ ವರ್ಷವರ್ಷವೂ ಸೇರುತ್ತವೆ. ಸಭೆಗೆ ಹಲವು ತಿಂಗಳು ಮುಂಚೆಯೇ ಸಾರಾಂಶ ಕೇಳುತ್ತವೆ, ವಿದ್ಯಾರ್ಥಿಗಳಿಗೆ ಶುಲ್ಕದಲ್ಲಿ ರಿಯಾಯಿತಿಯಿರುತ್ತದೆ. ಸ್ವಿಟ್ಜರ್ಲೆಂಡಿನ ಲೋಸಾನ್ನಿನಲ್ಲಿರುವ ಒಲಿಂಪಿಕ್ ಅಧ್ಯಯನ ಕೇಂದ್ರ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಅನುದಾನ ಕೊಡುತ್ತದೆ, ಆದರೆ ವಿಷಯಕ್ಕೆ ಒಲಿಂಪಿಕ್ಸಿನ ನಂಟಿರಬೇಕು. ಜಾತ್ರೆಯ ಕುಸ್ತಿಗೆ ಆ ನಂಟನ್ನು ಬಲವಂತವಾಗಿ ಅಂಟಿಸುವ ಸಾಹಸ ಬೇಡ.

ನಿಮಗೆ ಬಂದಿರುವ ಮಿಂಚಂಚೆಯ ವಿಚಾರ. ನೀವು ಸಾರಾಂಶವನ್ನೇ ಕಳುಹಿಸಿಲ್ಲ, ಆದರೂ ಪ್ರಬಂಧ ‘ಸ್ವೀಕೃತ’ವಾಗಿದೆ, ಕ್ರೀಡೆ, ಎಂಜಿನಿಯರಿಂಗ್, ನರ್ಸಿಂಗ್ ಮೂರಕ್ಕೂ ಅದೇ ದಿನ ಅದೇ ಹೋಟೆಲಿನಲ್ಲಿ ಸಮ್ಮೇಳನ, ಸಂಘಟನಾ ಸಮಿತಿಯಲ್ಲಿ ಯಾವ ವಿಭಾಗದವರೆಂದು ಹೇಳದ ಹೆಸರುಗಳು, ಶುಲ್ಕ ಕಟ್ಟಿದರೆ ಪ್ರಮಾಣಪತ್ರದ ಜೊತೆಗೆ ನಿಯತಕಾಲಿಕದಲ್ಲಿ ಪ್ರಕಟಣೆಯೂ ಖಚಿತವಂತೆ. ಒಂದು ಪೈಸೆಯನ್ನೂ ಕಟ್ಟಬೇಡಿ, ಉತ್ತರವನ್ನೂ ಬರೆಯಬೇಡಿ. ಯುಜಿಸಿ ತಾನು ಒಪ್ಪಿದ ನಿಯತಕಾಲಿಕಗಳ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟ ಮೇಲೆ ಒಳ್ಳೆಯ ನಿಯತಕಾಲಿಕ ಯಾವುದು, ಕಳ್ಳ ನಿಯತಕಾಲಿಕ ಯಾವುದು ಎಂದು ನೋಡುವ ಹೊಣೆ ವಿದ್ಯಾರ್ಥಿಗಳ ಮತ್ತು ಮಾರ್ಗದರ್ಶಕರ ಮೇಲೆಯೇ ಬಿದ್ದಿದೆ. ಹಳೆಯ ಸಂಚಿಕೆಗಳನ್ನು ತೆರೆದು ನೋಡಿ. ನೀವು ಓದಿ ಮೆಚ್ಚಿದ ಒಬ್ಬ ವಿದ್ವಾಂಸರಾದರೂ ಅಲ್ಲಿ ಬರೆದಿರದಿದ್ದರೆ ನೀವೂ ಬರೆಯಬೇಕಿಲ್ಲ.

ಕೊನೆಯದಾಗಿ ಇಂಗ್ಲಿಷ್. ಓದುವಷ್ಟು ಇಂಗ್ಲಿಷ್ ಬೇಕೇ ಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಈ ಕ್ಷೇತ್ರದ ಮುಖ್ಯ ಚರ್ಚೆಗಳು ಇರುವುದೇ ಆ ಭಾಷೆಯಲ್ಲಿ. ಲಾಸ್ ಏಂಜಲೀಸಿನ 1984ರ ಒಲಿಂಪಿಕ್ಸಿನ ಮಿಗತೆ ಹಣದಿಂದ ಹುಟ್ಟಿದ ಎಲ್‌ಎ84 ಪ್ರತಿಷ್ಠಾನದ ಡಿಜಿಟಲ್ ಗ್ರಂಥಾಲಯದಲ್ಲಿ ಕ್ರೀಡಾ ಇತಿಹಾಸದ ಹಳೆಯ ಸಂಚಿಕೆಗಳು ಉಚಿತವಾಗಿ ಸಿಗುತ್ತವೆ, ವಾರಕ್ಕೊಂದು ಲೇಖನವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡೇ ಓದಿ. ಬರೆಯುವುದನ್ನು ಮಾತ್ರ ಕನ್ನಡದಲ್ಲಿ ಶುರುಮಾಡಿ, ಏಕೆಂದರೆ ನಿಮ್ಮ ಬರಹದಲ್ಲಿ ಊರಿನ ಹೆಸರೋ ಪಟ್ಟಿನ ಹೆಸರೋ ತಪ್ಪಿದ್ದರೆ ತಿದ್ದಬಲ್ಲ ವಸ್ತಾದರು ಓದುವುದು ಕನ್ನಡವನ್ನೇ. ಕರಪತ್ರಗಳ ಕಾಲನಿರ್ಣಯದ ಬಗ್ಗೆ ಎಂಟು ಪುಟ ಮೀರದ ಲೇಖನವೊಂದನ್ನು, ಕರಪತ್ರಗಳ ಸ್ಪಷ್ಟ ಚಿತ್ರಗಳೊಂದಿಗೆ, ನಮ್ಮ ಪತ್ರಿಕೆಗೆ ಕಳುಹಿಸಿ. ಮೂಲಪ್ರತಿಗಳನ್ನು ಅಂಚೆಗೆ ಹಾಕಬೇಡಿ, ಲ್ಯಾಮಿನೇಷನ್ನನ್ನಂತೂ ಮಾಡಿಸಲೇಬೇಡಿ.

ಸಂಪಾದಕ