ಬೀಗದ ಕೈ ಕೊಡುವ ಮೊದಲು

ಅಕ್ಕಾ, ನಿಮ್ಮ ಕಥೆ ನಿನ್ನೆ ರಾತ್ರಿ ಓದಿದೆ. ಇವತ್ತು ತೋಟಕ್ಕೆ ನೀರು ಬಿಟ್ಟು ಕೂತಾಗ ಇನ್ನೊಮ್ಮೆ ಓದಿದೆ. ಮೈದುನನ ಮೋಸ ಸರಿ ಬಂದಿದೆ, ಆದರೆ ಕೊನೆಗೆ ಅತ್ತಿಗೆ ಆ ಕೆಲಸದ ಹುಡುಗನನ್ನು ನಂಬುವುದು ಯಾರಿಗೂ ಒಪ್ಪಿಗೆ ಆಗುತ್ತಿಲ್ಲ, ಎಂತ ಮಾಡಲಿ ಎಂದು ಕೇಳಿದ್ದೀರಿ. ನನಗೂ ಒಪ್ಪಿಗೆ ಆಗಲಿಲ್ಲ. ಮೋಸಕ್ಕೆ ಹನ್ನೊಂದು ಪುಟ ಕೊಟ್ಟಿದ್ದೀರಿ, ನಂಬಿಕೆಗೆ ಒಂದೂವರೆ.

ಮಲಯಾಳದ ಕ್ರಯಪತ್ರವನ್ನು ಮೈದುನ ಸಾಲದ ಪತ್ರ ಎಂದು ಓದಿ ಹೇಳಿದ, ಆ ಲಿಪಿ ಓದಲು ಬಾರದ ಅತ್ತಿಗೆ ಸಹಿ ಹಾಕಿದಳು. (ನಮ್ಮ ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ ಓದಲಾಗದ ಕಾಗದದ ಈ ಹೆದರಿಕೆ ಎಷ್ಟು ಮನೆಗಳಲ್ಲಿ ಇರಲಿಲ್ಲ!) ಆಮೇಲೆ ಅವಳಿಗೆ ಬರೀ ಸಿಟ್ಟು ಎಂದು ಬರೆದಿದ್ದೀರಿ. ಸಿಟ್ಟು ಇಳಿಯುತ್ತದೆ ಅಕ್ಕಾ. 'ನಾನು ಇಷ್ಟು ಪೆದ್ದು ಹೇಗಾದೆ' ಎಂಬುದು ಇಳಿಯುವುದಿಲ್ಲ.

ನಾನೊಮ್ಮೆ ಒಬ್ಬ ವ್ಯಾಪಾರಿಗೆ ಆರು ಕ್ವಿಂಟಾಲ್ ಚಾಲಿ, ಅಂದರೆ ಒಣಗಿಸಿದ ಅಡಿಕೆ, ಬಾಕಿಗೆ ಕೊಟ್ಟೆ. ದುಡ್ಡು ಬರಲೇ ಇಲ್ಲ. ಆ ವರ್ಷ ತೆಂಗಿನಕಾಯಿ ಎರಡೆರಡು ಸಲ ಎಣಿಸುತ್ತಿದ್ದೆ. ಮೂವತ್ತು ವರ್ಷ ಅಡಿಕೆಯನ್ನು ದರ್ಜೆ ದರ್ಜೆಯಾಗಿ ಆರಿಸಿದ ಕೈ ನನ್ನದು. ಆದರೂ ಮಗಳನ್ನು ಕರೆದು 'ಇದು ಪಟೋರವಾ, ಕೋಕವಾ, ನೋಡು' ಎಂದು ಕೇಳುತ್ತಿದ್ದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಇಂಥದ್ದು ಎರಡು ಮೂರು ನಿಮ್ಮ ಅತ್ತಿಗೆಗೂ ಬೇಕು. ಸಾರಿಗೆ ಉಪ್ಪು ಹಾಕಿದೆನಾ ಇಲ್ಲವಾ ಎಂಬಲ್ಲಿಗೇ ಬರಲಿ ಅವಳ ಅನುಮಾನ.

ಇನ್ನೊಂದು, ಅವಳು ಮಲಯಾಳ ಓದಲು ಕಲಿಯಲಿ. ಮಾತಾಡಲು ಹೇಗೂ ಬರುತ್ತದೆ, ಅಲ್ವಾ? ಅಕ್ಷರಮಾಲೆ ಅದೇ ಕ ಖ ಗ ಘ, ರೂಪ ಮಾತ್ರ ಬೇರೆ. ಬಸ್ಸಿನ ಬೋರ್ಡಿನಿಂದ ಶುರು ಮಾಡಲಿ. ಕಾಸರಗೋಡಿಗೆ ನಾವು 'ಗೋಡು' ಅನ್ನುವಲ್ಲಿ ಅವರು ಕೆಲವು ಕಡೆ 'ಕೋಟ್' ಎಂದು ಬರೆದದ್ದು ನೋಡಿ ಒಂದು ದಿನ ತಪ್ಪಲಿ, ಬಸ್ಸೂ ತಪ್ಪಲಿ.

ಹುಡುಗನ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಥೆಯಲ್ಲೇ ಗುಡ್ಡದಿಂದ ನೀರು ತೆಗೆಯಲು ತೋಡುವ ಸುರಂಗ ಉಂಟು, ಅದನ್ನು ಸುಮ್ನೆ ನೀರಿಗೆ ಇಟ್ಟಿದ್ದೀರಿ ಮಾರಾಯ್ರೆ! ಮುರಕಲ್ಲಿನ ಗುಡ್ಡದೊಳಗೆ ಅಡ್ಡಕ್ಕೆ ತೋಡುತ್ತಾ ಹೋಗುವಾಗ ಮೋಂಬತ್ತಿ ಹಚ್ಚಿಟ್ಟುಕೊಳ್ಳುತ್ತಾರೆ. ಬೆಳಕು ಮಂಕಾದರೆ ಒಳಗೆ ಗಾಳಿ ಸಾಲದು ಎಂದು ಲೆಕ್ಕ, ಹೊರಗೆ ಬರಲೇಬೇಕು. ಹುಡುಗ ಒಳಗೆ ಪಿಕ್ಕಾಸು ಹಿಡಿದು ಕೆಲಸದಲ್ಲಿದ್ದಾನೆ, ಬಾಯಲ್ಲಿ ನಿಂತ ಅತ್ತಿಗೆಗೆ ಬೆಳಕು ಸಣ್ಣದಾದ ಹಾಗೆ ಕಾಣುತ್ತದೆ. ನಿಜವಾ, ತನ್ನ ಕಣ್ಣಿನ ದೋಷವಾ? ಆದರೂ ಕೂಗುತ್ತಾಳೆ. ಅವನು ಒಂದು ಮಾತು ಕೇಳದೆ ಹೊರಗೆ ಬರುತ್ತಾನೆ. ಅವಳೇ ನಂಬದ ಅವಳ ಕಣ್ಣನ್ನು ಅವನು ನಂಬಿದ. ನಿಮ್ಮ ಕಥೆ ತಿರುಗಬೇಕಾದ ಜಾಗ ಅದು ಎಂದು ನನ್ನ ಲೆಕ್ಕ. ಅವಳು ಅವನನ್ನು ನಂಬುವುದು ಆಮೇಲೆ.

ಹಾಗೆಂದು ಮರುದಿನವೇ ಮನೆಯ ಬೀಗದ ಕೈ ಕೊಡಿಸಬೇಡಿ. ಮೊದಲು ಪಂಪ್ ಶೆಡ್ಡಿನದ್ದು. ಯಕ್ಷಗಾನದ ಆಟದಲ್ಲಿ ದಮಯಂತಿಯನ್ನು ನೋಡಿದ್ದೀರಲ್ಲ? ಕಾಡಲ್ಲಿ ಬಿಟ್ಟು ಹೋದ ನಳ ರೂಪ ಬದಲಾಗಿ ಬಾಹುಕನೆಂಬ ಸಾರಥಿಯಾಗಿ ಬಂದಾಗ ಓಡಿ ಹೋಗಿ ಕಾಲು ಹಿಡಿಯಲಿಲ್ಲ ಅವಳು. ದಾಸಿಯನ್ನು ಕಳಿಸಿ ನೋಡಿಸಿದಳು, ಅವನ ಅಡುಗೆ ತರಿಸಿ ರುಚಿ ನೋಡಿದಳು, ಮಕ್ಕಳನ್ನು ಕಳಿಸಿದಳು. ಗಂಡನಿಗೇ ಅಷ್ಟು ಪರೀಕ್ಷೆ. ನಿಮ್ಮ ಹುಡುಗನೂ ಒಂದು ಸಂಜೆ ತಡ ಮಾಡಲಿ. ಅತ್ತಿಗೆ ಜಗಲಿಯಲ್ಲಿ ಕೂತು ಕೆಟ್ಟದ್ದೆಲ್ಲ ಯೋಚಿಸಲಿ.

ಮೈದುನನಿಗೆ ಕ್ಷಮೆ ಬೇಕೇ ಬೇಕು ಅಂತಿಲ್ಲ. ಆ ಆಸ್ಪತ್ರೆಯ ದೃಶ್ಯ ತೆಗೆದರೂ ನಷ್ಟ ಇಲ್ಲ.

'ಅವಳ ಮನಸ್ಸು ಹಗುರಾಯಿತು' ಎಂಬ ಕೊನೆಯ ಸಾಲೂ ಬೇಡ. ಹೊಸ ಕಾಗದ ಬರಲಿ. ಹುಡುಗ 'ನಾನು ಓದಿ ಹೇಳಲಾ ಅಕ್ಕ' ಎನ್ನಲಿ. ಇವಳು ಬೇಡ ಎಂದು ಕನ್ನಡಕ ಹಾಕಿ ತಾನೇ ಅಕ್ಷರ ಕೂಡಿಸಲಿ. ಅವನು ಬೇಜಾರಿಲ್ಲದೆ ಪಕ್ಕದಲ್ಲಿ ನಿಂತಿರಲಿ. ತಿದ್ದಿ ಹಾಕಿ, ಓದುತ್ತೇನೆ. ಈಗ ಪಂಪ್ ನಿಲ್ಲಿಸಲು ಹೋಗಬೇಕು.