ಹಾರರ್ ಸಿನಿಮಾ: ರೀಮೇಕ್ ನೋಡಿದವರು ಮೂಲವನ್ನೂ ನೋಡಬೇಕಾ?

ನೀವು ಕೇಳಿದ್ದು ಎರಡು ಪ್ರಶ್ನೆ. ನನಗೆ ಎಂಥ ಹಾರರ್ ಸಿನಿಮಾ ಹಿಡಿಸುತ್ತದೆ ಅನ್ನುವುದು ಒಂದು. ಕನ್ನಡದ 'ಆಪ್ತಮಿತ್ರ' ನೋಡಿ ಆದವರು ಅದರ ಮಲಯಾಳ ಮೂಲ 'ಮಣಿಚಿತ್ರತ್ತಾಳ್' ಯಾಕೆ ನೋಡಬೇಕು, ಇಂಗ್ಲಿಷಿನ 'ದ ರಿಂಗ್' ನೋಡಿದವರಿಗೆ ಜಪಾನಿನ 'ರಿಂಗು' ಯಾಕೆ ಬೇಕು ಅನ್ನುವುದು ಇನ್ನೊಂದು. ಈ ನಾಲ್ಕನ್ನೂ ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಸ್ವಲ್ಪ ಉದ್ದವಾದರೂ ಪೂರ್ತಿ ಹೇಳುತ್ತೇನೆ.

ನನ್ನೂರು ಶಿರಸಿ ಸೀಮೆಯ ಒಂದು ಹಳ್ಳಿ, ಅಡಿಕೆ ತೋಟದ ಮನೆ. ಕೆಲಸ ಕಾರವಾರದಲ್ಲಿ. ನಾನು ಮೊದಲು ಹೆದರಿದ್ದು ಸಿನಿಮಾ ನೋಡಿ ಅಲ್ಲ, ಯಕ್ಷಗಾನ ನೋಡಿ. ಊರ ಗದ್ದೆಯಲ್ಲಿ ಆಟ ಇದ್ದ ರಾತ್ರಿ ಅಜ್ಜಿ ಕಂಬಳಿ ಹಾಸಿಕೊಂಡು ಮುಂದೆ ಕೂರುತ್ತಿದ್ದಳು, ಮಕ್ಕಳೆಲ್ಲ ಹನ್ನೊಂದಕ್ಕೇ ಅವಳ ಸುತ್ತ ನಿದ್ದೆ. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬರುವ ಹೊತ್ತಿಗೆ ತಟ್ಟಿ ಎಬ್ಬಿಸುವಳು. ಕಣ್ಣುಜ್ಜಿಕೊಂಡು ನೋಡಿದರೆ ರಂಗಸ್ಥಳ ಖಾಲಿ. ಚೆಂಡೆ ಮಾತ್ರ ಏರುತ್ತಿದೆ. ಎಲ್ಲೋ ಹಿಂದೆ, ಕತ್ತಲಲ್ಲಿ, ಒಂದು ಆರ್ಭಟ. ಜನ ಹಿಂದೆ ತಿರುಗುತ್ತಿದ್ದಾರೆ. ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ ಅಂತ ಬೆಂಕಿ ಎದ್ದು, ಆ ಬೆಳಕಲ್ಲಿ ಅರ್ಧ ಮುಖ ಕಂಡು ಮತ್ತೆ ಕತ್ತಲು. ವೇಷ ರಂಗಕ್ಕೆ ಬಂದು ಕುಣಿಯತೊಡಗಿದ ಮೇಲೆ ನನಗೆ ಹೆದರಿಕೆಯೇ ಇರುತ್ತಿರಲಿಲ್ಲ. ಅದು ಬರುವ ಮೊದಲಿನ ಆ ಎರಡು ನಿಮಿಷ ಮಾತ್ರ ಅಜ್ಜಿಯ ಸೆರಗು ಬಿಡುತ್ತಿರಲಿಲ್ಲ.

ಸಿನಿಮಾದಲ್ಲೂ ನನಗೆ ಬೇಕಾದದ್ದು ಆ ಎರಡು ನಿಮಿಷವೇ. ರಕ್ತ, ಕೊಡಲಿ, ತುಂಡಾದ ಕೈಕಾಲು ನನಗೆ ಆಗಿಬರುವುದಿಲ್ಲ. ಬಾಗಿಲು ತೆರೆದ ಕೂಡಲೇ ಕಿವಿಗೆ ಬಡಿಯುವ ಸಂಗೀತವೂ ಬೇಡ, ಅದು ಬೆಚ್ಚಿಬೀಳಿಸುತ್ತದೆಯೇ ಹೊರತು ಹೆದರಿಸುವುದಿಲ್ಲ. ಗುರುತಿನ ಮನೆ, ಗುರುತಿನ ಮನುಷ್ಯರು, ಅದರ ನಡುವೆ ಯಾವುದೋ ಒಂದು ಸ್ವಲ್ಪ ಮಾತ್ರ ತಪ್ಪಿರಬೇಕು.

ಇನ್ನು 'ರಿಂಗು'. ಹಿಡೆಯೊ ನಕಾತಾ 1998ರಲ್ಲಿ ಮಾಡಿದ್ದು, ಕೋಜಿ ಸುಝುಕಿಯವರ ಕಾದಂಬರಿಯಿಂದ. ಒಂದು ವಿಡಿಯೊ ಟೇಪು. ನೋಡಿದವರು ಏಳು ದಿನಕ್ಕೆ ಸಾಯುತ್ತಾರೆ. ಅದರ ಮೂಲ ಹುಡುಕುತ್ತ ಹೋದ ಪತ್ರಕರ್ತೆಗೆ ಕೊನೆಗೆ ಸಿಗುವುದು ಒಂದು ಬಾವಿ. ಸಡಾಕೋ ಎಂಬ ಹುಡುಗಿಯನ್ನು ಅದಕ್ಕೆ ತಳ್ಳಿ ಮೇಲೆ ಕಲ್ಲು ಮುಚ್ಚಿದ್ದಾರೆ. ನಾನು ಇದನ್ನು ನೋಡಿದ್ದು ಊರಲ್ಲಿ, ಜುಲೈ ತಿಂಗಳ ಮಳೆಯಲ್ಲಿ. ನಮ್ಮನೆ ಹಿತ್ತಲಿನ ಬಾವಿ ಚಿರೇಕಲ್ಲಿನದು. ಏಪ್ರಿಲ್‌ನಲ್ಲಿ ಬಗ್ಗಿದರೆ ತಳದಲ್ಲಿ ನಾಣ್ಯದಷ್ಟು ಬೆಳಕು. ಮಳೆಗಾಲದಲ್ಲಿ ನೀರು ಏರಿ, ಕಲ್ಲಿನ ಸಂದಿಯಲ್ಲಿ ಬೆಳೆದ ಜರಿಗಿಡಗಳು ಮುಳುಗಿ ಒಳಗೇ ಅಲ್ಲಾಡುತ್ತಿರುತ್ತವೆ. ಹುಡುಕಿದರೆ ಕೂದಲ ಹಾಗೇ ಕಾಣುತ್ತದೆ.

ಆ ಸಿನಿಮಾದಲ್ಲಿ ಎಲ್ಲರೂ ನೆನಪಿಟ್ಟುಕೊಳ್ಳುವುದು ಸಡಾಕೋ ಟೀವಿಯಿಂದ ಹೊರಬರುವ ದೃಶ್ಯವನ್ನು. ನನ್ನೊಳಗೆ ಕೂತಿದ್ದು ಅದಕ್ಕೆ ಮೊದಲಿನ ದೃಶ್ಯ. ಜೊತೆಗೆ ಬಂದ ಗಂಡಸು ಬಾವಿಗೆ ಇಳಿದು ನೀರು ತುಂಬಿಸುತ್ತಾನೆ, ಪತ್ರಕರ್ತೆ ರೇಕೊ ಮೇಲೆ ನಿಂತು ಹಗ್ಗ ಎಳೆದು ಬಕೆಟ್ ಖಾಲಿ ಮಾಡುತ್ತಾಳೆ. ಮತ್ತೆ ಬಕೆಟ್, ಮತ್ತೆ ಹಗ್ಗ. ಅವಳ ತೋಳು ಸೋತು ಕೈ ನಡುಗುತ್ತದೆ, ಹೊತ್ತು ಮುಗಿಯುತ್ತ ಬಂದಿದೆ. ಬಾವಿಯಿಂದ ನೀರು ಸೇದಿದವರಿಗೆ ಗೊತ್ತು, ಇಪ್ಪತ್ತನೇ ಕೊಡಕ್ಕೆ ಹಗ್ಗ ಅಂಗೈಯನ್ನು ಕೊಯ್ಯುತ್ತದೆ. ಕೊನೆಗೆ ಅವಳೇ ಇಳಿದು, ಕೆಸರಲ್ಲಿ ಕೈಯಾಡಿಸಿ, ಸಿಕ್ಕಿದ ತಲೆಬುರುಡೆಯನ್ನು ಮಗುವಿನ ಹಾಗೆ ಎದೆಗೆ ಅವಚಿಕೊಳ್ಳುತ್ತಾಳೆ. ಹಾರರ್ ಸಿನಿಮಾದಲ್ಲಿ ನನಗೆ ಅಳು ಬಂದಿದ್ದು ಅಲ್ಲಿ ಮಾತ್ರ. ಅದರ ಮೇಲೂ ಶಾಪ ನಿಲ್ಲುವುದಿಲ್ಲ, ನೋಡಿ. ಅಷ್ಟು ಕರುಣೆ ತೋರಿದರೂ ನಿಲ್ಲುವುದಿಲ್ಲ. ಅದಕ್ಕೇ ಟೀವಿಯ ದೃಶ್ಯ ಅಷ್ಟು ಕೆಲಸ ಮಾಡುತ್ತದೆ.

ಸಡಾಕೋಳ ಆ ನಡಿಗೆಗೆ ಅವರು ಮಾಡಿದ್ದು ಸರಳವಾದ ಉಪಾಯ. ನಟಿಯನ್ನು ಹಿಮ್ಮುಖವಾಗಿ ನಡೆಸಿ ಚಿತ್ರೀಕರಿಸಿ, ಆ ತುಣುಕನ್ನು ತಿರುಗಾಮುರುಗಾ ಓಡಿಸಿದ್ದಾರೆ. ಹೆಜ್ಜೆ ಮುಂದೆಯೇ ಬರುತ್ತಿದೆ, ಆದರೆ ಮೈಯ ಭಾರ ಬೀಳಬೇಕಾದ ಕಡೆ ಬೀಳುತ್ತಿಲ್ಲ. ಮುಖವನ್ನಂತೂ ತೋರಿಸುವುದೇ ಇಲ್ಲ, ಕೂದಲ ನಡುವೆ ಒಂದು ಕಣ್ಣು ಅಷ್ಟೆ.

2002ರಲ್ಲಿ ಗೋರ್ ವರ್ಬಿನ್‌ಸ್ಕಿ ಮಾಡಿದ 'ದ ರಿಂಗ್' ಕೆಟ್ಟ ಸಿನಿಮಾ ಅಲ್ಲ. ನೇಯೊಮಿ ವಾಟ್ಸ್ ಚೆನ್ನಾಗಿ ಮಾಡಿದ್ದಾರೆ. ಪೂರ್ತಿ ಸಿನಿಮಾಕ್ಕೆ ಹಸಿರುಗಟ್ಟಿದ ಬೆಳಕು, ಎಲ್ಲವೂ ಒದ್ದೆ. ಹಡಗಿನ ಮೇಲೆ ಕುದುರೆ ಹುಚ್ಚೆದ್ದು ಸಮುದ್ರಕ್ಕೆ ಹಾರುವ ದೃಶ್ಯ ಮೂಲದಲ್ಲಿಲ್ಲ, ಅದನ್ನು ಸೇರಿಸಿದ್ದಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಅಲ್ಲಿ ಎಲ್ಲವನ್ನೂ ಬಿಡಿಸಿ ಹೇಳುವ ಆತುರ ಇದೆ. ಹುಡುಗಿಯ ಹಿನ್ನೆಲೆ, ಆಸ್ಪತ್ರೆ, ಕೊಟ್ಟಿಗೆಯ ಮೇಲಿನ ಕೋಣೆ, ಒಂದೊಂದನ್ನೂ ತೆರೆದು ತೋರಿಸುತ್ತಾರೆ. ಸತ್ತವರ ಮುಖ ತೋರಿಸುತ್ತಾರೆ, ಕೊನೆಗೆ ಅವಳ ಮುಖವನ್ನೂ ತೋರಿಸುತ್ತಾರೆ. ಬಾವಿಯ ದೃಶ್ಯದಲ್ಲಿ ಬಕೆಟ್ಟೂ ಇಲ್ಲ, ಹಗ್ಗವೂ ಇಲ್ಲ. ನಾಯಕಿ ಅದರೊಳಗೆ ಬೀಳುತ್ತಾಳೆ, ದೇಹ ತಾನಾಗಿ ಮೇಲೆ ಬರುತ್ತದೆ. ದುಡಿಯದೆ ಸಿಕ್ಕಿತು. ನನ್ನ ಪಾಲಿಗೆ ವ್ಯತ್ಯಾಸ ಇಷ್ಟೇ, ಮತ್ತು ಇದು ದೊಡ್ಡದು. ಇವೆರಡರಲ್ಲಿ ಮೂಲವನ್ನೇ ನೋಡಿ.

'ಮಣಿಚಿತ್ರತ್ತಾಳ್' ವಿಷಯಕ್ಕೆ ಬಂದರೆ ನನ್ನ ಉತ್ತರ ಬೇರೆ. ಫಾಜಿಲ್ ನಿರ್ದೇಶನ, 1993. ಗಂಗಾ ಆಗಿ ಶೋಭನಾ, ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹಳೆಯ ತರವಾಡು (ಕೇರಳದ ಮನೆತನದ) ಮನೆ, ಬೀಗ ಹಾಕಿದ ಕೋಣೆ, ಅದರೊಳಗೆ ತಂಜಾವೂರಿನಿಂದ ಬಂದ ನರ್ತಕಿ ನಾಗವಲ್ಲಿಯ ಕಥೆ. ಆ ನಾಗವಲ್ಲಿ ಗಂಗಾಳ ಮೈಮೇಲೆ ಬರುತ್ತಾಳೆ. ನಾನು ಮೊದಲ ಸಲ ಸಬ್‌ಟೈಟಲ್ ಓದಿಕೊಂಡು ಒಬ್ಬನೇ ನೋಡಿ, ಚೆನ್ನಾಗಿದೆ, ಇಷ್ಟು ಹೊಗಳುವಂಥದ್ದೇನು ಅಂದುಕೊಂಡು ಬಿಟ್ಟಿದ್ದೆ.

ಕಾರವಾರಕ್ಕೆ ನೌಕಾನೆಲೆ ಬಂದ ಮೇಲೆ ಇಲ್ಲಿ ಎಲ್ಲ ಸೀಮೆಯ ಜನ ಇದ್ದಾರೆ. ನಾನಿರುವ ಬಿಲ್ಡಿಂಗಿನಲ್ಲಿ ಮೇಲಿನ ಮನೆಯವರು ಕೇರಳದವರು. ಒಂದು ಭಾನುವಾರ ಅವರ ಮನೆಯಲ್ಲಿ ಮತ್ತೆ ಅದೇ ಸಿನಿಮಾ. ಗಂಡ ನಕುಲನ್, ಈಗ ಹೊರಗೆ ಹೋಗುವುದು ಬೇಡ ಅಂತ ಗಂಗಾಳಿಗೆ ಹೇಳುವ ದೃಶ್ಯ ಬಂತು. ಮನೆಯಾಕೆ ನನ್ನ ಮೊಣಕೈ ಮುಟ್ಟಿ, "ಈಗ ಓದಬೇಡಿ, ಬರೀ ಕೇಳಿ" ಅಂದರು. ಕೇಳಿದೆ. ಗಂಗಾ ಮಲಯಾಳದಲ್ಲಿ ಮಾತಾಡುತ್ತಿದ್ದಾಳೆ, ದನಿ ಸ್ವಲ್ಪ ಗಡುಸಾಗುತ್ತದೆ, ಅದೇ ಉಸಿರಿನಲ್ಲಿ ಮಾತು ತಮಿಳಿಗೆ ಹೊರಳಿಬಿಡುತ್ತದೆ. ಕಣ್ಣು ಬದಲಾಗಿದ್ದು ಆಮೇಲೆ, ಮಂಚ ಎತ್ತಿದ್ದೂ ಆಮೇಲೆ. ಮೊದಲು ಬದಲಾಗಿದ್ದು ಭಾಷೆ. ನಾಗವಲ್ಲಿ ಬಂದದ್ದು ಅಲ್ಲಿ. ಮಲಯಾಳ, ತಮಿಳು ಎರಡೂ ಬಾರದ ನನ್ನ ಕಿವಿಗೆ ಅವೆರಡೂ ಒಂದೇ ಹೊಳೆಯ ಹಾಗೆ ಕೇಳಿಸಿದ್ದವು. ಸಬ್‌ಟೈಟಲ್ ಎರಡಕ್ಕೂ ಒಂದೇ ಇಂಗ್ಲಿಷು. ಅರ್ಧ ಸಿನಿಮಾ ನನ್ನ ಕೈತಪ್ಪಿ ಹೋಗಿತ್ತು.

ಆವತ್ತು ರಾತ್ರಿ ಯೋಚಿಸುತ್ತ ಮಲಗಿದ್ದೆ. ನಮ್ಮ ಮನೆಮಾತು ಹವ್ಯಕ ಕನ್ನಡ. ಮನೆಗೆ ಯಾರೇ ಬಂದರೂ ಅಮ್ಮ "ಆಸರಿಗೆ ಎಂತ ಬೇಕು" (ಕುಡಿಯಲಿಕ್ಕೆ ಏನು ಬೇಕು) ಅಂತ ಕೇಳಿಯೇ ಕೇಳುತ್ತಾಳೆ. ಆ ಅಮ್ಮ ಒಂದು ಮುಸ್ಸಂಜೆ ಬಚ್ಚಲ ಒಲೆಯ ಮುಂದೆ ಕೂತವಳು ತಿರುಗಿ, ತಾಳಮದ್ದಲೆಯಲ್ಲಿ ಪುರಾಣದ ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಹಾಗೆ ಗ್ರಾಂಥಿಕ ಕನ್ನಡದಲ್ಲಿ ಮಾತಾಡಿದರೆ? ಮೈಯೆಲ್ಲ ಜುಂ ಅಂತು. ಮಲಯಾಳಿಗಳಿಗೆ ಮೂವತ್ತು ವರ್ಷದಿಂದ ಆಗುತ್ತಿರುವುದು ಇದೇ.

ಈಗ 'ಆಪ್ತಮಿತ್ರ' ಏನು ಮಾಡಿತು ನೋಡಿ. ನಿರ್ದೇಶಕ ಪಿ. ವಾಸು ನಾಗವಲ್ಲಿಯನ್ನು ಆಂಧ್ರದವಳನ್ನಾಗಿ ಮಾಡಿ ತೆಲುಗು ಆಡಿಸಿದರು. 'ರಾ ರಾ' ಹಾಡು ಗುರುಕಿರಣ್ ಅವರದು, ತೆಲುಗಿನದೇ. ಕನ್ನಡದ ಕಿವಿಗೆ ತೆಲುಗು ಬೇರೆ ಅಂತ ತಕ್ಷಣ ಗೊತ್ತಾಗುತ್ತದೆ, ಆದರೆ ಪೂರ್ತಿ ಪರಕೀಯವೂ ಅಲ್ಲ, ಅರ್ಧಂಬರ್ಧ ತಿಳಿಯುತ್ತದೆ. ಮಲಯಾಳಿಗೆ ತಮಿಳು ಇದ್ದ ಹಾಗೇ. ಹಿಂದಿಯಲ್ಲಿ 2007ರ 'ಭೂಲ್ ಭುಲಯ್ಯಾ' ಆ ಜಾಗಕ್ಕೆ ಬಂಗಾಳಿಯನ್ನು ತಂದಿತು. ಅದನ್ನು ಮಾಡಿದ ಪ್ರಿಯದರ್ಶನ್ ಮೂಲದ ಎರಡನೇ ಯೂನಿಟ್ಟಿನಲ್ಲಿ ದುಡಿದವರು, ಗುಟ್ಟು ಗೊತ್ತಿದ್ದವರು. ಕಥೆಯನ್ನು ಎತ್ತಿ ತರುವುದು ಸುಲಭ, ಈ ಕೀಲನ್ನು ಗುರುತಿಸಿ ನಮ್ಮ ಕಿವಿಗೆ ಹೊಂದಿಸುವುದು ಕಷ್ಟ. ಅದಕ್ಕೇ ಕನ್ನಡದವರು 'ಆಪ್ತಮಿತ್ರ'ವನ್ನೇ ಮೊದಲು ನೋಡಿದ್ದು ಒಳ್ಳೆಯದಾಯಿತು ಅನ್ನುತ್ತೇನೆ.

ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. 'ಆಪ್ತಮಿತ್ರ'ದಲ್ಲಿ ಗಂಗಾ ಆದ ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದು 2004ರ ಏಪ್ರಿಲ್ 17ರಂದು. ಸಿನಿಮಾ ಬಿಡುಗಡೆಯಾಗಿದ್ದು ಆ ವರ್ಷದ ಆಗಸ್ಟ್‌ನಲ್ಲಿ. ಶಿರಸಿಯ ಟಾಕೀಸಿನಲ್ಲಿ ನಾವು ನೋಡಿದಾಗ ಪರದೆಯ ಮೇಲೆ ಕುಣಿಯುತ್ತಿದ್ದವಳು ನಾಲ್ಕು ತಿಂಗಳ ಹಿಂದೆ ಹೋದವಳು, ಸತ್ತವಳೊಬ್ಬಳು ಮೈಮೇಲೆ ಬಂದ ಹೆಂಗಸಿನ ಪಾತ್ರದಲ್ಲಿ. 'ರಾ ರಾ' ಮುಗಿದಾಗ ಯಾರೂ ಸೀಟಿ ಹೊಡೆಯಲಿಲ್ಲ. ನನ್ನ ಪಕ್ಕದಲ್ಲಿದ್ದ ಅತ್ತೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಆ ಅನುಭವ ಮೂಲದಲ್ಲಿ ಇಲ್ಲ, ಇರಲಿಕ್ಕೂ ಸಾಧ್ಯವಿಲ್ಲ.

ಹಾಗಂತ ರೀಮೇಕೇ ಗೆದ್ದಿತು ಅನ್ನಲಾರೆ. ಮೂಲದಲ್ಲಿ ಮೋಹನ್‌ಲಾಲ್ ಬರುವುದೇ ಬಹಳ ಹೊತ್ತಾದ ಮೇಲೆ. ಅಷ್ಟರೊಳಗೆ ಆ ಮನೆ, ಅದರ ಜನ, ಅವರ ಸಣ್ಣಪುಟ್ಟ ಹೆದರಿಕೆಗಳು ನಮ್ಮವಾಗಿರುತ್ತವೆ. ಅದೇ ಕಥೆ 2005ರಲ್ಲಿ ತಮಿಳಿನ 'ಚಂದ್ರಮುಖಿ' ಆದಾಗ ರಜನೀಕಾಂತ್ ಶುರುವಿನಲ್ಲೇ ಹೊಡೆದಾಟ ಮಾಡಿಕೊಂಡು ಬರುತ್ತಾರೆ. ಕಾಪಾಡುವವನು ಇಷ್ಟು ಬೇಗ ಬಂದರೆ ಹೆದರಿಕೆ ಊರುವುದು ಎಲ್ಲಿ? ಆದರೂ ಅದರಲ್ಲಿ ಜ್ಯೋತಿಕಾ ಕುಣಿತ ಬಿಡಬೇಡಿ.

ಉಳಿದವನ್ನು ಬೇಗ ಹೇಳುತ್ತೇನೆ. 'ಸೈಕೋ'ವನ್ನು 1998ರಲ್ಲಿ ಹೆಚ್ಚುಕಡಿಮೆ ಶಾಟಿಗೆ ಶಾಟ್ ಹಾಗೇ ಬಣ್ಣದಲ್ಲಿ ತೆಗೆದರು. ಎಲ್ಲವೂ ಇದೆ, ಹೆದರಿಕೆ ಇಲ್ಲ. ಜಪಾನಿನ 'ಜು-ಆನ್' ಮಾಡಿದ ತಕಾಶಿ ಶಿಮಿಝು ಅವರೇ 2004ರಲ್ಲಿ ಅಮೆರಿಕದವರಿಗಾಗಿ 'ದ ಗ್ರಡ್ಜ್' ಮಾಡಿದರು, ಆದರೆ ಮನೆಯನ್ನು ಟೋಕಿಯೊದಲ್ಲೇ ಉಳಿಸಿಕೊಂಡು ಅಮೆರಿಕದ ಜನರನ್ನು ಅಲ್ಲಿಗೆ ಕರೆತಂದರು. ಜಾಗ ಬಿಟ್ಟುಕೊಡದೇ ಇದ್ದದ್ದು ಜಾಣತನ. ನಮ್ಮಿಂದ ಹೊರಗೆ ಹೋದದ್ದೂ ಇದೆ. ಪವನ್ ಕುಮಾರ್ ಅವರ 'ಯೂ ಟರ್ನ್' 2016ರದ್ದು, 2018ರಲ್ಲಿ ಅವರೇ ಸಮಂತಾ ಜೊತೆ ತಮಿಳು-ತೆಲುಗಿಗೆ ಒಯ್ದರು. ಬೆಂಗಳೂರಿನ ಫ್ಲೈಓವರಿನಲ್ಲಿ ಡಿವೈಡರಿನ ಕಲ್ಲು ಸರಿಸಿ ಬೈಕು ತಿರುಗಿಸಿಕೊಳ್ಳುವವರು, ಅಷ್ಟು ಸಣ್ಣ ತಪ್ಪಿನಿಂದ ಹುಟ್ಟುವ ಕಥೆ ಅದು. ಕನ್ನಡದ್ದೇ ನೋಡಿ. 1979ರ 'ನಾ ನಿನ್ನ ಬಿಡಲಾರೆ'ಯನ್ನೂ ಹುಡುಕಿ. ನಮ್ಮ ಜಿಲ್ಲೆಯ ನಂಟಿರುವ ಅನಂತ್ ನಾಗ್ ಅದರಲ್ಲೂ ಇದ್ದಾರೆ, ಅದರ ಹಿಂದಿ ರೂಪ 'ಮಂಗಳಸೂತ್ರ'ದಲ್ಲೂ ಇದ್ದಾರೆ. ಲಕ್ಷ್ಮಿ ಕಣ್ಣು ಅರಳಿಸಿ ನಿಲ್ಲುವ ಒಂದೆರಡು ಕ್ಷಣಕ್ಕೆ ಆ ಕಾಲದ ಸಾಧಾರಣ ತಂತ್ರಗಳೆಲ್ಲ ಮರೆತುಹೋಗುತ್ತವೆ.

ರೀಮೇಕ್ ಅಂದಕೂಡಲೇ ಮೂಗು ಮುರಿಯುವುದು ನನಗೆ ಒಗ್ಗುವುದಿಲ್ಲ. ನಮ್ಮ ಕಡೆಯ ಬಡಗುತಿಟ್ಟು ಯಕ್ಷಗಾನದ ಎಷ್ಟೋ ಮೇಳಗಳು 'ಕೀಚಕ ವಧೆ' ಆಡುತ್ತವೆ. ಕೀಚಕ ಸಾಯುತ್ತಾನೆಂದು ಗೊತ್ತಿದ್ದೇ ಕಂಬಳಿ ಹಿಡಿದು ಹೋಗುತ್ತೇವೆ. ಇವತ್ತಿನ ವೇಷಧಾರಿ ಹೇಗೆ ಬರುತ್ತಾನೆ ಅನ್ನುವುದಕ್ಕೇ ಹೋಗುವುದು. ಪದ್ಯ ಅದೇ, ಅರ್ಥ ಹೇಳುವುದು ಅವನ ಸ್ವಂತ ಮಾತಿನಲ್ಲಿ. ಹಳೆಯ ಕಲಾವಿದರ ನಡೆಯನ್ನು ಹಾಗೇ ನಕಲು ಮಾಡುವವನನ್ನು ಜನ ಎರಡನೇ ಸಲ ಕೇಳುವುದಿಲ್ಲ.

ನೀವು 'ಆಪ್ತಮಿತ್ರ' ನೋಡಿದವರಾದ್ದರಿಂದ ಕಥೆ ಗೊತ್ತಿದೆ. ಹಾಗಾಗಿ 'ಮಣಿಚಿತ್ರತ್ತಾಳ್' ಹಾಕಿದಾಗ ಆ ಮಂಚದ ದೃಶ್ಯಕ್ಕೆ ಸಬ್‌ಟೈಟಲ್ ತೆಗೆದುಬಿಡಿ. ಮಲಯಾಳ ಬಲ್ಲ ಗೆಳೆಯರು ಪಕ್ಕದಲ್ಲಿದ್ದರೆ ಇನ್ನೂ ಚೆನ್ನ. 'ರಿಂಗು'ವನ್ನು ಮಾತ್ರ ಒಬ್ಬರೇ ನೋಡಿ, ಮಳೆಯ ರಾತ್ರಿ ಸಿಕ್ಕರೆ ಬಿಡಬೇಡಿ. ನಾನು ನೋಡಿದ ಮರುದಿನ ಬೆಳಿಗ್ಗೆ ನೀರು ಸೇದಲು ಹೋದಾಗ ಬಾವಿಕಟ್ಟೆಗೆ ಎರಡು ಹೆಜ್ಜೆ ದೂರದಲ್ಲೇ ನಿಂತೆ. ಅಮ್ಮ ಬಂದು ಕೊಡ ಇಸಿದುಕೊಂಡು ಹಗ್ಗ ಬಿಟ್ಟಳು. ಕೊಡ ನೀರಿಗೆ ತಾಗಿದ ಸದ್ದು ಕೇಳಿದ ಮೇಲೆಯೇ ನಾನು ಹತ್ತಿರ ಹೋಗಿದ್ದು.