ಗುರುತಿಲ್ಲದ ಬಾಡಿಗೆ ಹುಡುಗನಿಗೆ ಮನೆ ಕೀ ಕೊಟ್ಟು ಒಂದು ತಿಂಗಳು ಹೋಗಬಹುದಾ? ಚಿನ್ನ, ಟಿವಿ ಎಲ್ಲಿ ಅಡಗಿಸಲಿ?

ಕೊಟ್ಟು ಹೋಗಿ. ಮಳೆಗಾಲದಲ್ಲಿ ಹಂಚಿನ ಮನೆಗೆ ಬೀಗ ಹಾಕಿ ಹೊರಟವರು ಹೆದರಬೇಕಾದ್ದು ಆ ಹುಡುಗನಿಗಲ್ಲ.

ನಮ್ಮದು ಕಟಪಾಡಿ ಹತ್ತಿರ ಹಳೇ ಹಂಚಿನ ಮನೆ. ತಂಗಿಯ ಬಾಣಂತನಕ್ಕೆ ಅಂತ ಎಲ್ಲರೂ ಮುಂಬೈಗೆ ಹೊರಟೆವು. ಆಟಿ ತಿಂಗಳು, ಅಂದರೆ ಜೋರು ಮಳೆಗಾಲ. ಹಿಂದಿನ ಔಟ್‌ಹೌಸಿಗೆ ಗದಗ ಕಡೆಯ ಹುಡುಗ ಆಗಷ್ಟೇ ಬಂದಿದ್ದ. "ಅಣ್ಣಾರ, ಕೀಲಿ ಕೊಟ್ಟು ಹೋಗ್ರಿ, ಮಳಿ ಜೋರೈತಿ, ನೋಡ್ಕೋತೀನಿ" ಅಂದ. ನನಗೆ ಅಲ್ಲೇ ಸಂಶಯ. ತಾನಾಗಿ ಕೀ ಕೇಳ್ತಾನಲ್ಲ ಅಂತ. ಕೊಡಲಿಲ್ಲ.

ಚಿನ್ನ ಬ್ಯಾಂಕ್ ಲಾಕರಿನಲ್ಲಿತ್ತು. ಆದರೂ ಸಮಾಧಾನ ಇಲ್ಲ. ಕಪಾಟು ಒಡೆದರೆ ಅಂತ ಅದರಲ್ಲಿದ್ದ ಜಾಗದ ಪತ್ರ, ಹಳೇ ಫೋಟೊ ಎಲ್ಲ ತೆಗೆದು ಮರದ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕಿದೆ. ಎಡವಟ್ಟು ಇಲ್ಲೇ ಆದದ್ದು. ಕಬ್ಬಿಣದ ಕಪಾಟು ಇದ್ದದ್ದು ನಡುಕೋಣೆಯಲ್ಲಿ, ಗೋಡೆಗೆ ತಾಗದ ಹಾಗೆ, ಕಾಲಿನಡಿ ಇಟ್ಟಿಗೆ ಇಟ್ಟು. ಅಟ್ಟವೋ, ಹಂಚಿನ ನೇರ ಕೆಳಗೆ. ಕಳ್ಳನ ಕಣ್ಣಿಗೆ ಬೀಳದ ಜಾಗ ಹುಡುಕಿದೆ, ಮಳೆ ಬೀಳದ ಜಾಗ ನೋಡಲಿಲ್ಲ. ಪೆಟ್ಟಿಗೆ ಒಳಗೆ ಪ್ಲಾಸ್ಟಿಕ್ ಹಾಸಿದ್ದೆ ಬೇರೆ. ಒಳಗೆ ಬಿದ್ದ ನೀರು ಹೊರಗೆ ಹೋಗಲೇ ಇಲ್ಲ.

ಗಾಳಿಗೆ ತೆಂಗಿನ ಮಡಲು ಬಿದ್ದು ಹಂಚು ಒಡೆಯಿತು. ಬಾಗಿಲಡಿಯಿಂದ ನೀರು ಬರ್ತಿದೆ, ಬೀಗ ಒಡೆಯಲಾ ಅಂತ ಹುಡುಗ ಫೋನ್ ಮಾಡಿದ. ಒಳಗೆ ಹೋಗಲಿಕ್ಕೆ ನೆಪ ಅಂದುಕೊಂಡು ಬೇಡವೇ ಬೇಡ ಅಂದೆ. ಪಾಪ, ಅವನೇ ಹೊರಗಿನಿಂದ ಏಣಿ ಇಟ್ಟು ಮಾಡಿಗೆ ಟರ್ಪಾಲು ಕಟ್ಟಿದ.

ಬಂದು ನೋಡಿದರೆ ಪತ್ರಗಳೆಲ್ಲ ಪತ್ರೊಡೆ ಹಾಗೆ ಒಂದಕ್ಕೊಂದು ಅಂಟಿಕೊಂಡಿವೆ. ಸೀಲಿನ ನೇರಳೆ ಶಾಯಿ ಹರಡಿ ಅಕ್ಷರ ಕಾಣುವುದಿಲ್ಲ. ಕ್ರಯಪತ್ರ ನೋಂದಣಿ ಆಗಿದ್ದರಿಂದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಸಿಕ್ಕಿತು. 1974ರ ಭೂಸುಧಾರಣೆಯಲ್ಲಿ, ಗೇಣಿಗೆ ಮಾಡುತ್ತಿದ್ದ ಜಾಗ ತನ್ನ ಹೆಸರಿಗಾಗಲಿ ಅಂತ ಅಜ್ಜ ಹಾಕಿದ ಡಿಕ್ಲರೇಶನ್ನಿನ ಕಾಗದಕ್ಕೆ ತಾಲೂಕು ಕಚೇರಿ ಅಲೆದು ಚಪ್ಪಲಿ ಸವೆಯಿತು. ಅಜ್ಜಿಯದ್ದು ಒಂದೇ ಒಂದು ಸ್ಟುಡಿಯೋ ಫೋಟೊ ಇತ್ತು. ಅದರ ನಕಲು ಯಾವ ಕಚೇರಿಯಲ್ಲೂ ಸಿಗುವುದಿಲ್ಲ.

ಹಾಗಾಗಿ ಟಿವಿ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಹೋದರೆ ಇನ್ನೊಂದು ಬರುತ್ತದೆ. ಚಿನ್ನ ಲಾಕರಿಗೆ ಹಾಕಿ. 2022ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಲಾಕರಿನಲ್ಲಿ ಕಳವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ. ಚಿನ್ನದ ಬೆಲೆಗೆ ಅದು ಸಾಲದೇ ಇರಬಹುದು, ಆದರೂ ಮನೆಯಲ್ಲಿಡುವುದಕ್ಕಿಂತ ವಾಸಿ ಅಲ್ವಾ? ಪತ್ರ, ಹಳೇ ಫೋಟೊ ಎಲ್ಲದರ ಚಿತ್ರ ಇವತ್ತೇ ಮೊಬೈಲಿನಲ್ಲಿ ತೆಗೆದು ಮನೆಯ ಇನ್ನೊಬ್ಬರಿಗೂ ಕಳಿಸಿ. ಮೂಲ ಪ್ರತಿ ಕಬ್ಬಿಣದ ಕಪಾಟಿನಲ್ಲೇ ಇರಲಿ, ಅದರ ಕೀ ಮಾತ್ರ ನಿಮ್ಮ ಹತ್ತಿರ. ಹುಡುಗನ ಆಧಾರ್ ಪ್ರತಿ ಕೇಳಿ ತೆಗೆದುಕೊಳ್ಳಿ, ಅದರಲ್ಲಿ ಸಂಕೋಚ ಬೇಡ.

ಮನೆ ಕೀ ಕೊಡುವಾಗ ಮೇನ್ ಸ್ವಿಚ್ ಎಲ್ಲಿದೆ, ಏಣಿ ಎಲ್ಲಿದೆ ಅಂತ ತೋರಿಸಿ. ನಾಲ್ಕು ಹಂಚು ಜಾಸ್ತಿ ತಂದು ಜಗಲಿಯಲ್ಲಿಟ್ಟು ಹೋಗಿ.